ಪಾವಕ್ಕ ಹೊಳೆ ದಾಟಿದ್ದು

ಜೂನ್ ೧೧, ಬುಧವಾರ

ಬರೆಯಬೇಕಂತೆ. ಎಪ್ಪತ್ತಾರು ತುಂಬಿದ ಮನುಷ್ಯನಿಗೆ ಕಾಪಿ ಬರೆಯುವ ಶಿಕ್ಷೆ. ನಾನು ಸಾಲಿ ಬಿಟ್ಟದ್ದೇ ಈ ಕಾಟಕ್ಕೆ. ಕಂಪ್ಲಿಯಲ್ಲಿ ನಾಲ್ಕನೇ ಕ್ಲಾಸಿನ ಮೇಷ್ಟ್ರು ಬೆರಳ ಗೆಣ್ಣಿನ ಮೇಲೆ ರೂಲುದೊಣ್ಣೆಯಿಂದ ಬಾರಿಸಿದ ಮೇಲೆ ಆ ಕಡೆ ತಲೆ ಹಾಕಲಿಲ್ಲ.

ಈಗ ಆಸ್ಪತ್ರೆಯಲ್ಲಿ ಕೈಕಾಲು ತಿರುವಿಸುವ ಶುಭಾ ಎಂಬ ಹುಡುಗಿ ಹೇಳುತ್ತಾಳೆ: "ಅಜ್ಜಾ, ಲಕ್ವ ಹೊಡದ ಕೈ ಸುಮ್ನ ಇಟ್ರ ಕಟ್ಟಿಗಿ ಆಕೈತಿ. ದಿನಾ ಬರೀರಿ. ಬರದದ್ದನ್ನ ಗಟ್ಟಿಯಾಗಿ ಓದ್ರಿ, ನಾಲಿಗಿನೂ ತಿರುಗ್ತೈತಿ."

ಏನು ಬರೆಯಲಿ ಎಂದು ಕೇಳಿದೆ. ಬಾಯಿಂದ ಹೊರಟದ್ದು ಬೇರೆಯೇ ಏನೋ. ಪಕ್ಕದಲ್ಲಿದ್ದ ಸೊಸೆ ಕೂಡಲೇ, "ಏನ್ ಬರೀಬೇಕು ಅಂತ ಕೇಳಾಕತ್ಯಾರ್ರಿ," ಎಂದಳು. ಲಕ್ವ ಹೊಡೆದಂದಿನಿಂದ ಇದೇ ಆಗಿದೆ. ನಾನು ಬಾಯಿ ತೆರೆಯುವುದು, ಅವಳು ಮಾತು ಮುಗಿಸುವುದು.

"ಅಜ್ಜಗ ಸಿಟ್ಟು ಬಂದೈತಿ. ಆ ಸಿಟ್ಟನ್ನ ಬರೀರಿ," ಎಂದಳು ಶುಭಾ.

ಬರೆದಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿವೆ. ಸಾಕು.

ಜೂನ್ ೧೩

ಅಲ್ಮೇರಾದ ಕೀಲಿ ತಿರುಗಿಸಲು ಬರಲಿಲ್ಲ. ಸೊಸೆ ತಾನು ತೆಗೆಯುತ್ತೇನೆ ಎಂದಳು. ಬ್ಯಾಡ ಎಂದೆ. ಆ ಒಂದು ಮಾತು ಮಾತ್ರ ಸರಿಯಾಗಿ ಬರುತ್ತದೆ.

ಅದರಲ್ಲಿ ನನ್ನ ಚೀಟಿಗಳಿವೆ. ಸ್ಟೇಷನ್ ರೋಡಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾಗ, ಹಂಪಿ ನೋಡಲು ಬಂದ ಗುಜರಾತಿನವನೊಬ್ಬ ಬಾಡಿಗೆ ಸೈಕಲ್ಲಿಗೆ ಅಡವೆಂದು ಒಂದು ರಟ್ಟಿನ ತುಂಡು ಇಟ್ಟುಹೋದ. ಅದು ಮೊರ್ವಿ ಸಂಸ್ಥಾನದ ಯುದ್ಧಕಾಲದ ಕೂಪನ್ನು. ಅಲ್ಲಿಂದ ಹಿಡಿದ ಹುಚ್ಚು. ಎರಡನೇ ಮಹಾಯುದ್ಧಕ್ಕೆ ತಾಮ್ರ, ನಿಕ್ಕಲ್ ಬೇಕಾಯಿತು. ಇದ್ದ ಚಿಲ್ಲರೆಯನ್ನು ಜನ ಗಡಿಗೆಯಲ್ಲಿ ಬಚ್ಚಿಟ್ಟರು. ಒಂದಾಣೆ ಮುರಿಸಲಾಗದೆ ಸಂತೆಗಳೇ ನಿಂತವು. ಆಗ ಮೊರ್ವಿ, ನವಾನಗರ, ಬೂಂದಿ, ಹೀಗೆ ಎಷ್ಟೋ ಸಂಸ್ಥಾನಗಳು ರಟ್ಟಿನ ತುಂಡಿನ ಮೇಲೆ ಮುದ್ರೆ ಒತ್ತಿ ಇದೇ ಕಾಸು ಎಂದವು.

ಅವೆಲ್ಲ ಒಂದು ತೂಕವಾದರೆ ನನ್ನ ಕಂಪ್ಲಿಯ ಚೀಟಿಯೇ ಒಂದು ತೂಕ. ಕಡ್ಡಿಪೆಟ್ಟಿಗೆಯಷ್ಟು ದೊಡ್ಡದು. ಭತ್ತದ ತೆನೆ, ನೇರಳೆ ಮುದ್ರೆ, ೧೯೪೩, 'ಪಾ ೧'. ಅಕ್ಕಿ ಗಿರಣಿಯವರು ನಮ್ಮವ್ವ ದ್ಯಾಮಕ್ಕನಿಗೆ ದಿನದ ಕೂಲಿ ಎಂದು ಕೊಟ್ಟದ್ದು. ಪಾವಲಿ. ನಾಲ್ಕಾಣೆ. ಆ ಕಾಲದ ನಾಲ್ಕಾಣೆ!

ಜೂನ್ ೧೫, ಭಾನುವಾರ

ಆ ಬ್ಯಾಂಕಿನವನು ಬಂದಿದ್ದ. ಪುರಂದರ. ರಿಟೈರಾದ ಮ್ಯಾನೇಜರ, ನನ್ನಂತೆಯೇ ಯುದ್ಧದ ಚೀಟಿ ಕೂಡಿಡುವ ಪೈಕಿ. ಭಾನುವಾರ ಬಂದರೆ ನಮ್ಮ ಮನೆಯ ಕುರ್ಚಿ ಅವನದೇ.

ಧಾರವಾಡದ ಸಂಗ್ರಾಹಕರ ಕೂಟ ಯುದ್ಧಕಾಲದ ತುರ್ತು ಹಣದ ಪುಸ್ತಕ ತರುತ್ತಿದೆ. ಪ್ರಾಣೇಶ ಎಂಬುವರು ಸಂಪಾದಕರು. ಆಗಸ್ಟಿನಲ್ಲಿ ನಮ್ಮ ಹೊಸಪೇಟೆಯಲ್ಲೇ ಪ್ರದರ್ಶನ ಇಟ್ಟು, ಯಾವ ಚೀಟಿ ಹಣ, ಯಾವುದು ಅಲ್ಲ ಎಂದು ಅಲ್ಲೇ ತೀರ್ಮಾನಿಸುತ್ತಾರೆ. ಹಣವಾದದ್ದು ಪುಸ್ತಕದ ಒಳಗೆ. ರೇಷನ್ನು, ಗಂಜಿ, ದಾನದ ಚೀಟಿಗಳೆಲ್ಲ 'ಇತರೆ' ಎಂದು ಬಾಲಕ್ಕೆ.

ಪುರಂದರ ಕಿಸೆಯಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದ. ಗಂಗಾವತಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತಂತೆ. ಅದೇ ರಟ್ಟು, ಅದೇ ತೆನೆ, ಅದೇ ಮುದ್ರೆ. ಬರೆದದ್ದು ಮಾತ್ರ 'ಸೇ ½'.

"ಅರ್ಧ ಸೇರು ಅಂತ ಇದು. ಹಂಗಾದ್ರ ನಿಂದು ಏನಪಾ?"

"ಪಾವಲಿ."

"ಪಾವಲಿಗೆ ಸೇರು ಯಾವಾಗ ಅಣ್ಣ ಆತೋ? ನಿಂದು ಪಾವು, ಕಾಲು ಸೇರು. ಪಾವು ಅಕ್ಕಿ. ಇಷ್ಟು ವರ್ಷ ಪಾವಲಿ ಪಾವಲಿ ಅಂತ ಊರೆಲ್ಲ ಸಾರಿದೀಯಲ್ಲೋ!" ನಕ್ಕ. ಆಮೇಲೆ ನಗು ನಿಲ್ಲಿಸಿ, "ಆ ವರ್ಷ ಗಂಜಿ ಕೇಂದ್ರ ಭಾಳ ಇದ್ವು ನೋಡು. ಧರ್ಮಕ್ಕ ಅಕ್ಕಿ ಕೊಡೋ ಚೀಟಿ ಇದ್ದೀತು," ಎಂದ.

ನಮ್ಮವ್ವ ದುಡಿದು ತಂದದ್ದು, ಧರ್ಮಕ್ಕೆ ಕೈ ಒಡ್ಡಿದವಳಲ್ಲ ಎಂದು ಹೇಳಹೋದೆ. "ಅವ್ವ... ಅವ್ವ..." ಎಂದಷ್ಟೇ ಹೊರಟಿತು.

ಅವನು ನನ್ನ ಕೈ ಹಿಡಿದು, "ಅವ್ವಗ ತ್ರಾಸಿತ್ತು, ಗೊತ್ತಾತು ಬಿಡು," ಎಂದ.

ಕಾಫಿ ಲೋಟ ಎಡಗೈಯಿಂದ ಬೀಸಿದೆ. ಗೋಡೆಗೆ ತಾಗಿತು. ಅವನಿಗೆ ತಾಗಬೇಕಿತ್ತು.

ಜೂನ್ ೧೬

ಬರೆಯುವುದಿಲ್ಲ.

ಜೂನ್ ೨೨, ಭಾನುವಾರ

ಬ್ಯಾಂಕಿನವನು ಬರಲಿಲ್ಲ. ಒಳ್ಳೆಯದೇ ಆಯಿತು. ನಾನು ಮುಂಜಾನೆಯಿಂದ ಬಾಗಿಲ ಕಡೆ ನೋಡಿದ್ದು ಹಾಲಿನವನಿಗಾಗಿ.

"ಹಾಲಿನವ ಬಂದ್ ಹೋಗಿ ಭಾಳ ಹೊತ್ತಾತು, ಮಾವ," ಎಂದಳು ಸೊಸೆ. ಕೇಳದೆ ಹೇಳುವುದು ಇವಳ ಚಾಳಿ.

ಆಮೇಲೆ ಎದುರು ಕೂತು, "ಅಜ್ಜಿ ಆ ಕೂಲಿಗೆ ಏನಂತಿದ್ರು? ಪಾವಲಿ ಅಂತಿದ್ರೋ, ಪಾವು ಅಂತಿದ್ರೋ?" ಎಂದು ಕೇಳಿದಳು.

ಬೈಯಬೇಕೆಂದಿದ್ದೆ. ಆದರೆ ನೆನಪಾಯಿತು. ಅವ್ವ ಪಾವು ಎಂದೇ ಹೇಳುತ್ತಿದ್ದಳು. ಪಾವಲಿ ಎಂದು ಉದ್ದ ಮಾಡಿಕೊಂಡವನು ನಾನು. ನಾಲ್ಕಾಣೆ ಎಂದರೆ ಗತ್ತಿತ್ತು. ಪುರಂದರ ಓದಿದ್ದು ಸರಿ. ಅದನ್ನು ಅವನ ಮುಂದೆ ಹೇಳಲಾರೆ.

"ಪಾವು," ಎಂದೆ.

"ಪಾವು ಆದ್ರ ಏನಾತು? ಕೂಲಿ ಕೂಲಿನ. ಕಂಪ್ಲಿಗೆ ಹೋಗೋಣ. ಆ ಕಾಲದವ್ರು ಯಾರಾರ ಇರ್ತಾರ."

"ಸತ್ತಿರ್ತಾರ."

"ಸತ್ತಿದ್ರ ಹೂವಿನ ಹಾರ ಹಾಕಿ ಬರೋಣ. ಬಸ್ಸು ನನಗಂತೂ ಫ್ರೀ ಐತಿ."

ಮಗ ಹಾಲೇಶ ತೋರಣಗಲ್ಲಿನ ಫ್ಯಾಕ್ಟರಿಯಿಂದ ಶಿಫ್ಟು ಮುಗಿಸಿ ಬಂದು ಮಲಗಿದ್ದ. ಅವನನ್ನು ಎಬ್ಬಿಸಿ, ನಿನ್ನ ಹೆಂಡತಿಗೆ ಹುಚ್ಚು ಹಿಡಿದಿದೆ ಎಂದೆ. "ಮೂರ್ ತಿಂಗಳಾತಪ್ಪ, ಆಸ್ಪತ್ರಿ ಬಿಟ್ರ ನೀ ಎಲ್ಲೂ ಹೋಗಿಲ್ಲ. ಹೋಗಿ ಬಾ," ಎಂದು ಮಗ್ಗುಲು ಬದಲಿಸಿದ. ಎಲ್ಲರೂ ಒಂದೇ ಪಾರ್ಟಿ.

ಜೂನ್ ೨೭, ಶುಕ್ರವಾರ

ಇವತ್ತು ಬರೆಯಲೇಬೇಕು. ಕೈ ಬಿದ್ದು ಹೋದರೂ ಸರಿ.

ಬಸ್ಸಿನಲ್ಲಿ ಕಂಡಕ್ಟರು ಬಂದ. "ಒಂದು ಕಂಪ್ಲಿ, ಒಂದು ಹೆಣ್ಮಗಳು ಫ್ರೀ," ಎಂದೆ. ಏನು ಎಂದು ಮತ್ತೆ ಕೇಳದೆ ಟಿಕೀಟು ಹರಿದುಕೊಟ್ಟು ಮುಂದೆ ಹೋದ. ಸೊಸೆ ತ್ರಿವೇಣಿ ನನ್ನ ಮುಖವನ್ನೇ ನೋಡುತ್ತಿದ್ದಳು. ಮುಖಕ್ಕೆ ಏನು ಹತ್ತಿದೆ ಎಂದು ಕೇಳಿದರೆ ಏನೂ ಇಲ್ಲ ಎಂದು ಕಿಟಕಿಯಾಚೆ ತಿರುಗಿದಳು. ಕಮಲಾಪುರ ದಾಟುವವರೆಗೂ ಆ ಕಡೆಯೇ ನೋಡುತ್ತಿದ್ದಳು. ಬಾಳೆತೋಟದಲ್ಲಿ ನೋಡುವಂಥದ್ದು ಏನಿತ್ತೋ.

ಗಿರಣಿ ಇದ್ದ ಜಾಗದಲ್ಲಿ ಈಗ ಕಲ್ಯಾಣ ಮಂಟಪ. ಎದುರಿನ ಚಹಾದಂಗಡಿಯವನು ಹೊಳೆ ದಂಡೆಯ ಓಣಿ ತೋರಿಸಿ, "ಹರಿಗೋಲಿನವರ ಎರ್ರಮ್ಮಜ್ಜಿ ಅದಾಳ್ರಿ. ತೊಂಬತ್ತು ದಾಟೈತಿ. ಗಟ್ಟಿಯಾಗಿ ಮಾತಾಡ್ರಿ, ಕಿವಿ ಮಂದ," ಎಂದ.

ಎರ್ರಮ್ಮ ಹೊರಸಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಕೂಗಿದೆ. ಗಟ್ಟಿಯಾಗಿ ಕೂಗಿದರೆ ಮಾತು ಕಡಿಮೆ ತೊದಲುತ್ತದೆ, ಯಾಕೋ.

"ಯಾರ ಪೈಕಿ ನೀನು?"

"ದ್ಯಾಮಕ್ಕನ ಮಗ! ಗಿರಣಿ ದ್ಯಾಮಕ್ಕ!"

"ಅಕ್ಕಿ ಕೇರಿದ್ರ ಒಂದ್ ಕಲ್ಲು ಬಿಡದ ದ್ಯಾಮಕ್ಕನ? ಆಕಿ ಮಗ ಏನಲೇ ನೀನು? ಆಕಿ ಅಷ್ಟು ಚಂದಿದ್ಲು!"

ತ್ರಿವೇಣಿ ಸೆರಗು ಬಾಯಿಗಿಟ್ಟು ನಕ್ಕಳು. ನಾನು ಚೀಟಿ ಕೈಗಿಟ್ಟೆ. ಮುದುಕಿ ಅದನ್ನು ಕಣ್ಣಿನ ಹತ್ತಿರ ತಂದಳು, ದೂರ ಮಾಡಿದಳು, ಮತ್ತೆ ಹತ್ತಿರ ತಂದಳು. ಹಲ್ಲಿಲ್ಲದ ಬಾಯಿ ತುಂಬ ನಗು ಬಂತು.

"ಅಯ್ಯ! ಪಾವಕ್ಕ!"

"ಯಾವಕ್ಕ?" ಎಂದಳು ತ್ರಿವೇಣಿ.

"ಪಾವಕ್ಕ. ಹಂಗ ಅಂತಿದ್ವಿ ನಾವು. ಚಿಲ್ಲರ ಇಲ್ಲದ ಕಾಲಬೇ ಅದು. ಗಿರಣಿ ಕೂಲಿಗೆ ಪಾವಕ್ಕ, ಬಳಿಗಾರಗ ಪಾವಕ್ಕ, ಚಿಮಣಿ ಎಣ್ಣಿಗೆ ಪಾವಕ್ಕ. ಗಿರಣ್ಯಾಗ ಕೊಟ್ರ ಯಾವತ್ತು ಬೇಕಾದ್ರೂ ಪಾವು ಅಕ್ಕಿ ಅಳದು ಹಾಕ್ತಿದ್ರು. ಅದಕ್ಕ ಎಲ್ರೂ ಇಸಗಂತಿದ್ರು. ನಮ್ಮಪ್ಪನ ಹರಿಗೋಲಿಗೆ ಇಬ್ಬರಿಗೆ ಒಂದು ಪಾವಕ್ಕ. ನಾನ ಕುಂತು ಇಸಗಂತಿದ್ದೆ."

"ಆಚೆ ದಂಡಿಗೂ?"

"ಆಚೆ ದಂಡಿಗೂ ಅಂದ್ರ? ಆಚೆ ದಂಡ್ಯಾಗ ಇನ್ನೂ ಜಾಸ್ತಿ! ನಮ್ಮದು ಕಲ್ದಾರ, ಅವ್ರದು ನಿಜಾಮನ ಹಾಲಿ ರೂಪಾಯಿ. ಬದಲು ಮಾಡ್ಸಿದ್ರ ಬಟ್ಟಾ ಹಿಡೀತಿದ್ರು. ಪಾವಕ್ಕಗ ಎಂಥ ಬಟ್ಟಾ? ಅಕ್ಕಿ ಎರಡೂ ದಂಡ್ಯಾಗ ಬೇಯ್ತೈತಲ್ಲ."

ಈ ದಡದಲ್ಲಿ ಇಂಗ್ಲಿಷರ ಕಲ್ದಾರ, ಆ ದಡದಲ್ಲಿ ನಿಜಾಮನ ಹಾಲಿ. ಇಬ್ಬರು ದೊರೆಗಳ ನಾಣ್ಯವೂ ಕಮಿಷನ್ನು ಕೊಡದೆ ದಾಟದ ಹೊಳೆಯನ್ನು ನಮ್ಮವ್ವನ ಕೂಲಿ ಸುಮ್ಮನೆ ಹರಿಗೋಲು ಹತ್ತಿ ದಾಟಿತ್ತು.

"ಇದು ಗಂಜಿ ಚೀಟಿ ಅಂತಾರ ಕೆಲವ್ರು!" ಎಂದು ಕೂಗಿದೆ.

"ಯಾವ ಹುಚ್ಚಪ್ಪ ಅಂದ? ಗಂಜಿಗೆ ಗಂಗಾಳ ಒಯ್ತಾರ. ಚೀಟ್ಯಾಗ ಗಂಜಿ ಹಾಕಿಸ್ಕಳ್ಳಾಕ ಬರ್ತೈತೇನು?"

ತ್ರಿವೇಣಿ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದುಕೊಂಡಳು. ಬುದ್ಧಿ ಇದೆ ಅವಳಿಗೆ.

ಜೂನ್ ೨೮

ಪುರಂದರನ ಮನೆಗೆ ನುಗ್ಗಿದೆ. ಮಹಡಿ ಮೇಲೆ ಇರುತ್ತಾನೆ. ತ್ರಿವೇಣಿ ಕೆಳಗೆ ಸ್ಕೂಟಿಗೆ ಸ್ಟ್ಯಾಂಡು ಹಾಕುವಷ್ಟರಲ್ಲಿ ನಾನು ಮೇಲೆ ಹೋಗಿ ಬಾಗಿಲು ಗುದ್ದುತ್ತಿದ್ದೆ.

ಮೊಬೈಲು ಅವನ ಮುಖಕ್ಕೆ ಹಿಡಿಸಿದೆ. 'ಹುಚ್ಚಪ್ಪ' ಎಂಬಲ್ಲಿಗೆ ಬಂದಾಗ ಎರಡು ಸಲ ಕೇಳಿಸಿದೆ. ಅವನು ಕನ್ನಡಕ ತೆಗೆದು ಒರೆಸಿದ.

"ತಪ್ಪಾತು ಮಾರಾಯ. ಗಂಜಿ ಮಾತು ನಾ ಆಡಬಾರದಿತ್ತು."

"ಪಾವು ಅಂದದ್ದು ಮಾತ್ರ ನಿಂದು ಸರಿ," ಎಂದುಬಿಟ್ಟೆ. ಯಾಕೆ ಹೇಳಿದೆನೋ.

"ಆದ್ರ ಒಬ್ಬಾಕಿ ಮಾತಿನ ಮ್ಯಾಲೆ ಪ್ರಾಣೇಶ ಒಪ್ಪೂದಿಲ್ಲ ನೋಡು. ಆಚೆ ದಂಡಿಯಿಂದ ಇನ್ನೊಂದು ಸಾಕ್ಷಿ ಬೇಕು. ಎಂಬತ್ತು ವರ್ಷದ ಹಿಂದಿಂದು, ಎಲ್ಲಿಂದ ತರೂದು?"

ಒಳಗಿನಿಂದ ಧ್ವನಿ ಬಂತು. "ಪುರಂದರಾ, ಪಾವಕ್ಕನ ಮಾತು ಯಾರು ಆಡ್ಲಿಕ್ಕತ್ತಾರೋ?"

ಅವನ ದೊಡ್ಡಕ್ಕ ಗಂಗಾಬಾಯಿ. ಎಂಟು ಮಕ್ಕಳಲ್ಲಿ ಆಕೆಯೇ ಹಿರಿಯಳು, ಇವನೇ ಕಿರಿಯ. ಹುಟ್ಟಿ ಬೆಳೆದದ್ದು ಗಂಗಾವತಿ. ಅಂದರೆ ನಿಜಾಮನ ದಂಡೆ. ಗೋಡೆ ಹಿಡಿದುಕೊಂಡು ಹೊರಗೆ ಬಂದು, ಇಬ್ಬರ ಚೀಟಿಯನ್ನೂ ನೋಡಿ, ನನ್ನದನ್ನು ಎತ್ತಿಕೊಂಡಳು.

"ಇದನ್ನ ಕೊಟ್ಟು ನಮ್ಮಮ್ಮ ನನಗ ಮೊದಲನೇ ಸಲ ಹಸರು ಗಾಜಿನ ಬಳಿ ಇಡಿಸಿದ್ಲು. ಗಂಗಾವತಿ ಸಂತ್ಯಾಗ. ಬಳಿಗಾರ ಹಾಲಿ ಕಾಸು ಬ್ಯಾಡ, ಪಾವಕ್ಕ ಇದ್ರ ಕೊಡ್ರಿ ಅಂದಿದ್ದ."

ಪುರಂದರನ ಬಾಯಿ ತೆರೆದುಕೊಂಡೇ ಇತ್ತು. "ಅಕ್ಕಾ, ನನಗೊಮ್ಮೆಯೂ ಹೇಳಲಿಲ್ಲಲ್ಲ!"

"ನೀ ತೋರಿಸಿದ್ಯೇನು? ನಿನ್ನ ಪೆಟ್ಟಿಗಿ ಹತ್ರ ಬಂದ್ರ 'ಅಕ್ಕ ಮುಟ್ಟಬ್ಯಾಡ, ಅಕ್ಕ ಬೆರಳು ಹತ್ತಿಸಬ್ಯಾಡ' ಅಂತ ಮಡಿಯೊಳಗ ಇಟ್ಟಂಗ ಇಡ್ತೀ."

ನಾನು ಹೊಟ್ಟೆ ಹಿಡಿದು ನಕ್ಕೆ. ಗಂಗಾಬಾಯಿ ನನ್ನ ಕಡೆ ತಿರುಗಿದಳು.

"ನೀ ಯಾಕ ನಗ್ತೀಯೋ ಉಜ್ಜಿನಪ್ಪ? ನೀ ನಿಮ್ಮವ್ವ ಇದ್ದಾಗ ಆಕಿನ್ನ ಕೂಡಿಸಿ ಕೇಳಿದ್ಯೇನು?"

ಆಕೆ ಕೊಡಿಸಿದ ಅವಲಕ್ಕಿಯನ್ನು ಇಬ್ಬರೂ ತಲೆ ತಗ್ಗಿಸಿಕೊಂಡು ತಿಂದೆವು.

ಜುಲೈ ೧೭

ಹೋದ ವಾರ ಪ್ರಾಣೇಶ ಫೋನು ಮಾಡಿದ್ದರು. ವಿಡಿಯೋ ಸಾಲದು, ಪ್ರದರ್ಶನದ ದಿನ ಎಲ್ಲರೆದುರು ಚೀಟಿ ಇಟ್ಟುಕೊಂಡವರು ಬಂದು ಹೇಳಬೇಕು, ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರಿಸಬೇಕು. ಪುರಂದರ, "ನಿನ್ನ ಪರವಾಗಿ ನಾ ಮಾತಾಡ್ಲೇನು?" ಎಂದ.

"ಲೋಟ ಇನ್ನೊಂದೈತಿ," ಎಂದೆ.

ಅಂದಿನಿಂದ ದಿನಾ ಸಂಜೆ ಬಂದು ಕೂರುತ್ತಾನೆ. ನಾನು ಓದುತ್ತೇನೆ. "ಕಲ್ದಾರ ಅನ್ನೋವಾಗ 'ರ' ನುಂಗ್ತೀ," ಎನ್ನುತ್ತಾನೆ. "ನಿಮ್ಮ ಬ್ಯಾಂಕು ನುಂಗಿದಷ್ಟಲ್ಲ," ಎನ್ನುತ್ತೇನೆ. ತ್ರಿವೇಣಿ ಒಳಗಿನಿಂದ, "ಮಾವ, 'ಹರಿಗೋಲು' ಇನ್ನೊಂದ್ಸಲ," ಎನ್ನುತ್ತಾಳೆ. ಹೇಳಿಕೊಡಲು ಬರುವುದಿಲ್ಲ, ಮಾಡಿಸಲು ಬರುತ್ತದೆ ಅವಳಿಗೆ. ನಿನ್ನೆ ಪುರಂದರ ತಡವಾಗಿ ಬಂದ. ಚೆನ್ನಾಗಿ ಬೈದೆ. ಸಮಯದ ಬೆಲೆ ಗೊತ್ತಿಲ್ಲ.

ಅಲ್ಮೇರಾಕ್ಕೆ ಈಗ ಬೀಗ ಹಾಕುವುದಿಲ್ಲ. ದಿನಾ ತೆಗೆಯಬೇಕಲ್ಲ, ಯಾರು ಕೀಲಿ ತಿರುವುತ್ತಾ ಕೂರುತ್ತಾರೆ.

ಆಗಸ್ಟ್ ೩, ಭಾನುವಾರ

ಗೆದ್ದೆವು.

ಮೊದಲಿನಿಂದ ಬರೆಯುತ್ತೇನೆ. ಪ್ರದರ್ಶನದ ಹಾಲ್ ತುಂಬಿತ್ತು. ಗಾಜಿನ ಪೆಟ್ಟಿಗೆಗಳಲ್ಲಿ ರಾಜರ ಕೂಪನ್ನುಗಳು ಸಾಲಾಗಿ ಮಲಗಿದ್ದವು. ನನ್ನ ಚೀಟಿ, ಪುರಂದರನ ಚೀಟಿ ಎರಡನ್ನೂ ಬೇರೆ ಮೇಜಿನ ಮೇಲೆ ಇಟ್ಟಿದ್ದರು, ವಿಚಾರಣೆಗೆ ನಿಲ್ಲಿಸಿದವರ ಹಾಗೆ. ಹಾಲೇಶ ರಜೆ ಹಾಕಿ ಕಂಪ್ಲಿಗೆ ಹೋಗಿ ಎರ್ರಮ್ಮನನ್ನು ಕಾರಿನಲ್ಲಿ ಕರೆತಂದಿದ್ದ. ಗಂಗಾಬಾಯಿಯ ಪಕ್ಕದ ಕುರ್ಚಿಯಲ್ಲೇ ಕೂಡಿಸಿದ್ದರು.

ನನ್ನನ್ನು ಕರೆದರು. ಮೈಕು ಕೊಟ್ಟರು. ಬ್ಯಾಡ ಎಂದೆ. ನಮ್ಮವ್ವನ ಹೆಸರು ಹೇಳಿದೆ. ಗಿರಣಿ ಹೇಳಿದೆ. ಪಾವಲಿ ಎಂದು ನಾನು ತಪ್ಪು ಓದಿದ್ದು, ಪಾವು ಎಂದು ಪುರಂದರ ಹಿಡಿದದ್ದು ಹೇಳಿದೆ. ಹರಿಗೋಲು ಹೇಳಿದೆ. ಕಲ್ದಾರ ಎಂದಾಗ 'ರ' ಬಂತು.

ಬಳ್ಳಾರಿಯ ಬಸವರಾಜ್ ಎಂಬ ಸಂಗ್ರಾಹಕ ಎದ್ದು ನಿಂತ. "ಯಜಮಾನ್ರ, ನೀವ ಹೇಳ್ತೀರಿ, ಕೊಟ್ರ ಗಿರಣ್ಯಾಗ ಅಕ್ಕಿ ಕೊಡ್ತಿದ್ರು ಅಂತ. ಅಕ್ಕಿ ಕೊಡೋ ಚೀಟಿ ಹಣ ಹೆಂಗಾಕೈತ್ರಿ?"

ಇದಕ್ಕೆ ನಾವು ತಯಾರಿ ಮಾಡಿರಲಿಲ್ಲ. ಪುರಂದರ ಎದ್ದ. ಕುಂದ್ರು ಎಂದು ಸನ್ನೆ ಮಾಡಿದೆ.

"ತಮ್ಮಾ, ಕಿಸ್ಯಾಗಿಂದು ನೂರರ ನೋಟು ತೆಗಿ. ತೆಗದ್ಯಾ? ಅದರ ಮ್ಯಾಲೆ ಏನ್ ಬರದಾರ? ಇದನ್ನ ತಂದವಗ ನೂರು ರೂಪಾಯಿ ಕೊಡ್ತೀವಿ ಅಂತ ಮಾತು ಕೊಟ್ಟಾರ. ಒಯ್ದು ಕೇಳು. ಏನ್ ಕೊಡ್ತಾರ? ಇನ್ನೊಂದು ನೋಟು! ನಿನ್ನ ನೋಟು ಕೇಳಿದ್ರ ನೋಟು ಕೊಡ್ತೈತಿ. ನಮ್ಮ ಪಾವಕ್ಕ ಕೇಳಿದ್ರ ಅಕ್ಕಿ ಕೊಡ್ತಿದ್ಲು. ಯಾವುದಲೇ ಹಣ?"

ಸಭೆಗೆ ಸಭೆಯೇ ನಕ್ಕಿತು. ಆಮೇಲೆ ಎಂಥ ಚಪ್ಪಾಳೆ! ಬಸವರಾಜ್ ನೋಟು ಹಿಡಿದುಕೊಂಡೇ ನಗುತ್ತಾ ಚಪ್ಪಾಳೆ ತಟ್ಟಿದ.

ಪ್ರಾಣೇಶರು ಮುದುಕಿಯರ ಹತ್ತಿರ ಹೋಗಿ ಹೊಳೆ ದಾಟಲು ಎಷ್ಟು ಕೊಡುತ್ತಿದ್ದಿರಿ ಎಂದು ಕೇಳಿದರು.

"ಇಬ್ಬರಿಗೆ ಒಂದು ಪಾವಕ್ಕ," ಎಂದಳು ಎರ್ರಮ್ಮ.

"ಯಾವ ಇಬ್ಬರಿಗೆ? ಮೂವರಿಗೆ ಒಂದು. ನಮ್ಮಮ್ಮ, ನಾನು, ನನ್ನ ತಂಗಿ, ಮೂವರೂ ಒಂದರಾಗ ದಾಟೀವಿ," ಎಂದಳು ಗಂಗಾಬಾಯಿ.

"ಹುಡುಗ್ರಿಬ್ರನ್ನ ಒಂದು ತಲಿ ಅಂತ ಹ್ವಾದ್ರ ಹೋಗ್ಲಿ ಅಂತ ಬಿಟ್ಟಿರ್ತಾನ ನಮ್ಮಪ್ಪ! ಉಪಕಾರ ಮಾಡಿದ್ದಕ್ಕ ಇದಾ ಮಾತು?"

"ಉಪಕಾರ ಯಾಕ? ಹರಿಗೋಲು ಸೋರ್ತಿತ್ತು. ನನ್ನ ಲಂಗ ನೆನದಿತ್ತು!"

"ನಮ್ಮಪ್ಪನ ಹರಿಗೋಲು ಸೋರ್ತಿತ್ತಾ? ಏಳು, ಏಳು ಮ್ಯಾಲೆ!"

ಇಬ್ಬರನ್ನೂ ಹಿಡಿದು ಕೂಡಿಸಬೇಕಾಯಿತು. ಪ್ರಾಣೇಶರು ಪೆನ್ನು ಮುಚ್ಚಿ, "ಇಲ್ಲದ ಹಣಕ್ಕ ಯಾರೂ ಹಿಂಗ ಜಗಳಾಡೂದಿಲ್ಲ. ಇದು ಹಣ," ಎಂದರು. ತಾವೇ ಎರಡೂ ಚೀಟಿಗಳನ್ನು ಎತ್ತಿ ಗಾಜಿನ ಪೆಟ್ಟಿಗೆಯೊಳಗೆ ಬೂಂದಿ ಕೂಪನ್ನಿನ ಪಕ್ಕ ಇಟ್ಟರು.

ಪುರಂದರ ನನ್ನನ್ನು ಅಪ್ಪಿಕೊಂಡ. ಬೆವರು ವಾಸನೆ. ಬಿಡಿಸಿಕೊಳ್ಳಲಿಲ್ಲ, ಎಲ್ಲರೂ ನೋಡುತ್ತಿದ್ದರು. ತ್ರಿವೇಣಿ ಹಿಂದೆ ನಿಂತು ಅಳುತ್ತಿದ್ದಳು. ಗೆದ್ದಾಗ ಅಳುವುದೇನು ಬಂತು? "ಮಾವ, ಅಷ್ಟೊತ್ತು ನೀವ ಮಾತಾಡಿದ್ರಿ. ನಾನು ಒಂದು ಮಾತೂ ಸೇರಿಸಲಿಲ್ಲ," ಎಂದಳು. ನನ್ನ ಚೀಟಿ, ನಾನಲ್ಲದೆ ಯಾರು ಮಾತಾಡಬೇಕಿತ್ತು? ಐಸ್‌ಕ್ರೀಮು ಕೊಡಿಸಿ ಸುಮ್ಮನಿರಿಸಿದೆ.

ಆಗಸ್ಟ್ ೧೨

ಪುಸ್ತಕದ ನಮ್ಮ ಪುಟ ಅಚ್ಚಿಗೆ ಮೊದಲು ನೋಡಲೆಂದು ಕಳಿಸಿದ್ದಾರೆ. 'ಕಂಪ್ಲಿ, ೧೯೪೩. ತುರ್ತು ಹಣ. ತುಂಗಭದ್ರೆಯ ಎರಡೂ ದಡಗಳಲ್ಲಿ ಚಲಾವಣೆ. ಜನರ ಬಾಯಲ್ಲಿ: ಪಾವಕ್ಕ.' ತ್ರಿವೇಣಿ ಮೊಬೈಲಿನಿಂದ ಓದಿದಾಗ ನಾನು ಹಾಕಿದ ಕೇಕೆಗೆ ಪಕ್ಕದ ಮನೆಯ ನಾಯಿ ಬೊಗಳಿತು.

ಕೆಳಗಿನ ಎರಡು ಸಾಲು ಕೇಳಿದ ಮೇಲೆ ತಲೆ ಕೆಟ್ಟಿತು. ತ್ರಿವೇಣಿ ಟೈಪು ಮಾಡುತ್ತೇನೆ ಎಂದಳು. ಟೈಪು ಯಾಕೆ, ಕೈ ಇಲ್ಲವೇ? ನಾನೇ ಬರೆದು ಪೋಸ್ಟಿಗೆ ಹಾಕಿಸಿದೆ. ಹೀಗೆ ಬರೆದೆ:

ಪ್ರಾಣೇಶರೇ,

ಪುಟ ನೋಡಿದೆ. 'ಹೊರಡಿಸಿದವರು' ಎಂದು ಗಿರಣಿ ಮಾಲೀಕರ ಹೆಸರಿದೆ. ಇರಲಿ. 'ಸಂಗ್ರಹ' ಎಂದು ನನ್ನದು, ಪುರಂದರನದು ಇದೆ. ಮುದ್ರೆ ಒತ್ತಿದ ಕೂಡಲೇ ರಟ್ಟು ಹಣವಾಗಲಿಲ್ಲ. ನಾವು ಪೆಟ್ಟಿಗೆಯಲ್ಲಿ ಇಟ್ಟಿದ್ದರಿಂದಲೂ ಆಗಲಿಲ್ಲ. ದುಡಿದು ತಂದು, ನಂಬಿ ಇಸಿದುಕೊಂಡು, ಇನ್ನೊಬ್ಬರ ಕೈಗೆ ಕೊಟ್ಟದ್ದರಿಂದ ಅದು ನಡೆಯಿತು. ಆದ್ದರಿಂದ ಇನ್ನೊಂದು ಸಾಲು ಬೇಕು.

ನಡೆಸಿದವರು: ದ್ಯಾಮಕ್ಕ, ಗಿರಣಿಯಲ್ಲಿ ಅಕ್ಕಿ ಕೇರಿದಾಕೆ. ಎರ್ರಮ್ಮ, ಹರಿಗೋಲಿನಲ್ಲಿ ಇಸಿದುಕೊಂಡಾಕೆ. ಗಂಗಾಬಾಯಿ, ಬಳೆ ಇಡಿಸಿಕೊಂಡಾಕೆ.

ಜಾಗ ಇಲ್ಲ ಎನ್ನಬೇಡಿ. ನಮ್ಮಿಬ್ಬರ ಹೆಸರು ತೆಗೆದರೆ ಜಾಗ ಆಗುತ್ತದೆ. ಪುರಂದರನನ್ನು ಕೇಳಿದ್ದೇನೆ, ಗೊಣಗಿಕೊಂಡು ಒಪ್ಪಿದ್ದಾನೆ. ಈ ಸಾಲು ಇಲ್ಲದಿದ್ದರೆ ಚೀಟಿಯ ಫೋಟೋ ಹಾಕುವಂತಿಲ್ಲ.

ಹೌದೋ ಅಲ್ಲವೋ, ಆಗಸ್ಟ್ ಇಪ್ಪತ್ತನೇ ತಾರೀಖಿನೊಳಗೆ ಉತ್ತರ ಬರಬೇಕು.